ಏಳು ಜನರ ಆಟ, ಆರು ಮೀಟರಿನ ಗೆರೆ: ಹ್ಯಾಂಡ್‌ಬಾಲ್

ಚಿಕ್ಕಮಗಳೂರು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗದಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ, ರಾಜ್ಯದ ಉಳಿದೆಡೆಗಳಂತೆಯೇ, ಮಳೆಗಾಲದ ತಿಂಗಳುಗಳೇ ಶಾಲಾ ಕ್ರೀಡಾಕೂಟಗಳ ಕಾಲವೂ ಆಗಿವೆ. ಶಾಲಾ ಶಿಕ್ಷಣ ಇಲಾಖೆ ನಡೆಸುವ ಈ ಕೂಟಗಳ ಗುಂಪು ಆಟಗಳಲ್ಲಿ ಕಬಡ್ಡಿ, ಖೊಖೊ, ವಾಲಿಬಾಲ್ ಮತ್ತು ಥ್ರೋಬಾಲ್‌ಗಳ ಸಾಲಿನಲ್ಲೇ ಹ್ಯಾಂಡ್‌ಬಾಲ್‌ಗೂ ಸ್ಥಾನವಿದ್ದು, ತಾಲ್ಲೂಕಿನಲ್ಲಿ ಗೆದ್ದ ತಂಡವು ಜಿಲ್ಲೆಗೆ, ಅಲ್ಲಿಂದ ಮೈಸೂರು ವಿಭಾಗಕ್ಕೆ, ಕೊನೆಗೆ ರಾಜ್ಯ ಮಟ್ಟಕ್ಕೆ ಏರುವ ಕ್ರಮವು ಈ ಆಟಕ್ಕೂ ಅನ್ವಯಿಸುತ್ತದೆ. ಆದರೂ ಕಬಡ್ಡಿಯ ಅಂಕಣದ ಸುತ್ತ ಹುಟ್ಟಿಕೊಳ್ಳುವ ಜನಸಂದಣಿ ಹ್ಯಾಂಡ್‌ಬಾಲ್ ಅಂಕಣಕ್ಕೆ ಇನ್ನೂ ದೊರೆತಿಲ್ಲ. ಆಟ ನೀರಸವಾಗಿರುವುದು ಇದಕ್ಕೆ ಕಾರಣವಲ್ಲ, ಏಕೆಂದರೆ ಪ್ರತಿ ಪಂದ್ಯದಲ್ಲೂ ಹತ್ತಾರು ಗೋಲುಗಳಾಗುವ ಗುಂಪು ಆಟಗಳು ಜಗತ್ತಿನಲ್ಲಿ ವಿರಳ. ಹೊರಗೆ ನಿಂತವರಿಗೆ ಇದರ ನಿಯಮಗಳ ಪರಿಚಯವಿಲ್ಲದಿರುವುದೇ ಮುಖ್ಯ ಕಾರಣವೆನ್ನಬೇಕು.

ಹ್ಯಾಂಡ್‌ಬಾಲನ್ನು ಅರಿಯಲು ಅದರ ಅಂಕಣವನ್ನು ಗುರುತಿಸುವ ಬಗೆಯಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಆಟದ ಬಹುಪಾಲು ತರ್ಕವು ಸುಣ್ಣದ ಗೆರೆಗಳಲ್ಲೇ ಅಡಗಿದೆ. ಅಂಕಣದ ಉದ್ದ 40 ಮೀಟರ್, ಅಗಲ 20 ಮೀಟರ್. ಎರಡೂ ತುದಿಗಳ ನಡುಮಧ್ಯದಲ್ಲಿ 3 ಮೀಟರ್ ಅಗಲ ಮತ್ತು 2 ಮೀಟರ್ ಎತ್ತರದ ಗೋಲು ಕಂಬಗಳಿದ್ದು, ಆಟಗಾರರ ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತೆ ಅವುಗಳಿಗೆ ಎದ್ದು ಕಾಣುವ ಎರಡು ಬಣ್ಣಗಳ ಪಟ್ಟಿಗಳನ್ನು ಬಳಿಯಲಾಗುತ್ತದೆ. ಗೋಲಿನ ಮುಂದೆ ಸರಿಯಾಗಿ 6 ಮೀಟರ್ ದೂರದಲ್ಲಿ, ಗೋಲಿನಷ್ಟೇ ಅಗಲದ, ಅಂದರೆ 3 ಮೀಟರ್ ಉದ್ದದ ನೇರ ಗೆರೆಯೊಂದನ್ನು ಎಳೆದು, ಬಳಿಕ ಒಂದೊಂದು ಕಂಬದ ಬುಡದಲ್ಲೂ ಹಗ್ಗದ ತುದಿಯನ್ನು ಹಿಡಿದು 6 ಮೀಟರ್ ತ್ರಿಜ್ಯದ ಕಾಲು ವೃತ್ತವನ್ನು ಬರೆದು ಆ ನೇರ ಗೆರೆಗೆ ಕೂಡಿಸಿದರೆ, ಮೈದಾನದ ಮಾತಿನಲ್ಲಿ ‘ಡಿ’ ಎಂದು ಕರೆಯುವ ಗೋಲು ಪ್ರದೇಶ ಸಿದ್ಧವಾಗುತ್ತದೆ. ಅದೇ ರೀತಿಯಲ್ಲಿ 9 ಮೀಟರಿಗೆ ತುಂಡು ತುಂಡಾದ ಇನ್ನೊಂದು ಗೆರೆ, ಗೋಲಿನ ನೇರಕ್ಕೆ 7 ಮೀಟರಿನಲ್ಲಿ ಒಂದು ಮೀಟರ್ ಉದ್ದದ ಚಿಕ್ಕ ಗೆರೆ, 4 ಮೀಟರಿನಲ್ಲಿ ಗೋಲ್‌ಕೀಪರನಿಗಾಗಿ ಅದಕ್ಕಿಂತಲೂ ಚಿಕ್ಕದೊಂದು ಗುರುತು ಇರುತ್ತವೆ. ಎರಡು ಗೂಟ, ಒಂದು ಹಗ್ಗ, ಒಂದು ಮೂಟೆ ಸುಣ್ಣದ ಪುಡಿಯಿದ್ದರೆ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ನಾಲ್ಕಾರು ವಿದ್ಯಾರ್ಥಿಗಳ ನೆರವಿನಿಂದ ಯಾವ ಊರಿನ ಬಯಲನ್ನಾದರೂ ಹ್ಯಾಂಡ್‌ಬಾಲ್ ಅಂಕಣವಾಗಿಸಬಲ್ಲರು.

ಈ 6 ಮೀಟರಿನ ಗೆರೆಯೇ ಆಟದ ಜೀವಾಳ. ಒಂದು ತಂಡದಲ್ಲಿ ಒಮ್ಮೆಗೆ ಆಡುವ ಏಳು ಜನರಲ್ಲಿ ಒಬ್ಬನು ಗೋಲ್‌ಕೀಪರ್. ‘ಡಿ’ಯ ಒಳಗೆ ಕಾಲಿಡುವ ಹಕ್ಕು ಅವನೊಬ್ಬನಿಗೆ ಮಾತ್ರ ಇದೆ. ಉಳಿದ ಆರು ಜನ, ದಾಳಿ ಮಾಡುವವರಾಗಲಿ ತಡೆಯುವವರಾಗಲಿ, ಗೆರೆಯ ಹೊರಗೇ ಇರಬೇಕಾಗುತ್ತದೆ. ಆದರೆ ನಿಷೇಧವಿರುವುದು ನೆಲಕ್ಕೆ, ಅದರ ಮೇಲಿನ ಗಾಳಿಗಲ್ಲ. ಗೆರೆಯ ಹೊರಗಿನಿಂದ ಜಿಗಿದು, ‘ಡಿ’ಯ ಮೇಲೆ ಗಾಳಿಯಲ್ಲಿ ತೇಲುತ್ತಿರುವಾಗಲೇ, ಪಾದ ನೆಲಕ್ಕೆ ತಾಗುವ ಮೊದಲು ಚೆಂಡನ್ನು ಬಿಟ್ಟರೆ ಆ ಗೋಲು ನ್ಯಾಯಸಮ್ಮತವಾದುದು. ಮೂಲೆಯ ಆಟಗಾರನು ಕಿರಿದಾದ ಕೋನದಿಂದ ಒಳಕ್ಕೆ ಹಾರಿ, ಗೋಲ್‌ಕೀಪರನು ಅಲುಗುವವರೆಗೂ ಚೆಂಡನ್ನು ಕೈಯಲ್ಲೇ ಉಳಿಸಿಕೊಂಡು, ಕೊನೆಯ ಕ್ಷಣದಲ್ಲಿ ಮಣಿಕಟ್ಟನ್ನು ತಿರುಗಿಸಿ ಬಿಡುವ ಆ ಜಿಗಿತಕ್ಕೆ ಸಮನಾದ ಸೊಬಗು ಚೆಂಡಿನ ಆಟಗಳಲ್ಲಿ ಹೆಚ್ಚಿಲ್ಲ.

ಚೆಂಡನ್ನು ಹಿಡಿದವನು ಅದನ್ನು ಕೈಯಲ್ಲಿಟ್ಟುಕೊಂಡು ಮೂರು ಹೆಜ್ಜೆಗಳಿಗಿಂತ ಹೆಚ್ಚು ನಡೆಯುವಂತಿಲ್ಲ, ಮೂರು ಸೆಕೆಂಡುಗಳಿಗಿಂತ ಹೆಚ್ಚು ಹಿಡಿದಿರುವಂತಿಲ್ಲ. ಚೆಂಡನ್ನು ನೆಲಕ್ಕೆ ಪುಟಿಸುತ್ತ, ಅಂದರೆ ಡ್ರಿಬಲ್ ಮಾಡುತ್ತ, ಎಷ್ಟು ದೂರವಾದರೂ ಓಡಬಹುದು. ಆದರೆ ಪುಟಿಸಿ ಮತ್ತೆ ಹಿಡಿದ ಮೇಲೆ ಇನ್ನು ಮೂರು ಹೆಜ್ಜೆಗಳೊಳಗೆ ಸಹ ಆಟಗಾರನಿಗೆ ಸಾಗಿಸಬೇಕು ಇಲ್ಲವೇ ಗೋಲಿನತ್ತ ಎಸೆಯಬೇಕು. ಮೊಣಕಾಲಿನಿಂದ ಮೇಲಿನ ಯಾವ ಅಂಗವನ್ನಾದರೂ ಬಳಸಬಹುದಾದರೂ ಮೊಣಕಾಲಿನ ಕೆಳಭಾಗ ಚೆಂಡಿಗೆ ತಾಗಿದರೆ ತಪ್ಪಾಗುತ್ತದೆ. ಗೋಲ್‌ಕೀಪರನಿಗೆ ಮಾತ್ರ ಇಲ್ಲಿಯೂ ವಿನಾಯಿತಿ ಇದ್ದು, ತನ್ನ ಪ್ರದೇಶದೊಳಗೆ ಗೋಲು ತಡೆಯಲು ಅವನು ಪಾದವನ್ನೂ ಚಾಚಬಹುದು. ಫುಟ್‌ಬಾಲ್ ನೋಡಿ ರೂಢಿಯಾದವರಿಗೆ ಅಚ್ಚರಿ ತರುವ ಸಂಗತಿಯೊಂದಿದೆ: ಗೋಲ್‌ಕೀಪರನ ಮೈಗೆ ತಾಗಿ ಚೆಂಡು ಹಿಂಬದಿಯ ಗೆರೆಯನ್ನು ದಾಟಿದರೆ ಎದುರಾಳಿಗೆ ಏನೂ ದೊರೆಯುವುದಿಲ್ಲ, ಚೆಂಡು ಗೋಲ್‌ಕೀಪರನ ಕೈಗೇ ಮರಳುತ್ತದೆ.

ಎದುರಾಳಿಯ ದಾರಿಗೆ ಎದೆಯೊಡ್ಡಿ ನಿಲ್ಲುವುದು ಸಮ್ಮತ, ಆದರೆ ಹಿಡಿದೆಳೆಯುವುದು, ತಳ್ಳುವುದು, ಜಿಗಿದವನ ಕೈಗೆ ಹೊಡೆಯುವುದು ಶಿಕ್ಷಾರ್ಹ. ಸಾಮಾನ್ಯ ತಪ್ಪಿಗೆ ಫ್ರೀ ಥ್ರೋ ಸಿಗುತ್ತದೆ. ಖಚಿತವಾಗಿ ಗೋಲಾಗಬಹುದಾಗಿದ್ದ ಅವಕಾಶವನ್ನು ಅಕ್ರಮವಾಗಿ ಕೆಡಿಸಿದರೆ 7 ಮೀಟರ್ ಗೆರೆಯಿಂದ ಗೋಲ್‌ಕೀಪರನೊಬ್ಬನೇ ಎದುರಿಸಬೇಕಾದ ನೇರ ಎಸೆತ ಸಿಗುತ್ತದೆ. ಒರಟಾಟ ಮಾಡಿದವನು ಎರಡು ನಿಮಿಷ ಹೊರಗೆ ಕೂರಬೇಕಾಗುತ್ತದೆ ಮತ್ತು ಆ ಅವಧಿಯಲ್ಲಿ ಅವನ ತಂಡ ಒಬ್ಬ ಕಡಿಮೆಯಾಗಿಯೇ ಆಡಬೇಕಾಗುತ್ತದೆ. ಮೂರನೆಯ ಬಾರಿ ಇದೇ ಶಿಕ್ಷೆಗೆ ಒಳಗಾದವನಿಗೆ ಆ ಪಂದ್ಯದಲ್ಲಿ ಮರಳುವ ಅವಕಾಶವಿಲ್ಲ. ಮುನ್ನಡೆ ಪಡೆದ ತಂಡವು ಗೋಲಿಗೆ ಯತ್ನಿಸದೆ ಕಾಲಹರಣ ಮಾಡಿದರೆ ತೀರ್ಪುಗಾರರು ಕೈಯೆತ್ತಿ ಎಚ್ಚರಿಸುತ್ತಾರೆ, 2022ರಿಂದ ಜಾರಿಯಲ್ಲಿರುವ ನಿಯಮದಂತೆ ಆ ಎಚ್ಚರಿಕೆಯ ನಂತರ ನಾಲ್ಕು ಪಾಸುಗಳೊಳಗೆ ಚೆಂಡನ್ನು ಗೋಲಿಗೆ ಎಸೆಯಲೇಬೇಕು. ವಯಸ್ಕರ ಪಂದ್ಯ 30 ನಿಮಿಷಗಳ ಎರಡು ಅವಧಿಗಳಲ್ಲಿ ನಡೆದರೆ, 12ರಿಂದ 16ರ ವಯಸ್ಸಿನವರಿಗೆ ಪ್ರತಿ ಅವಧಿ 25 ನಿಮಿಷ.

ಈ ಆಟವನ್ನು ರೂಪಿಸಿದವರು ಬಹುಮಟ್ಟಿಗೆ ಶಾಲಾ ಮಾಸ್ತರರು ಎಂಬುದು ಇದರ ಇತಿಹಾಸದಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶ. ಡೆನ್ಮಾರ್ಕಿನ ಆರ್ಡ್ರುಪ್ ಎಂಬಲ್ಲಿ ಅಧ್ಯಾಪಕನಾಗಿದ್ದ ಹೋಲ್ಗರ್ ನೀಲ್ಸನ್ 1898ರ ಸುಮಾರಿಗೆ ತನ್ನ ವಿದ್ಯಾರ್ಥಿಗಳಿಗೆ ಕೈಯಿಂದ ಆಡುವ ಚೆಂಡಾಟವೊಂದನ್ನು ಕಲಿಸಿ, 1906ರಲ್ಲಿ ಅದರ ನಿಯಮಗಳನ್ನು ಮುದ್ರಿಸಿದನು. ಜರ್ಮನಿಯಲ್ಲಿ 1917ರಲ್ಲಿ ಮ್ಯಾಕ್ಸ್ ಹೈಸರ್ ಬರೆದ ನಿಯಮಗಳು ಹೆಣ್ಣುಮಕ್ಕಳ ಆಟಕ್ಕೆಂದೇ ಸಿದ್ಧವಾದವು. ಎರಡು ವರ್ಷಗಳ ನಂತರ ಬರ್ಲಿನ್ನಿನ ದೈಹಿಕ ಶಿಕ್ಷಣ ಬೋಧಕ ಕಾರ್ಲ್ ಶೆಲೆಂಜ್ ಅವುಗಳನ್ನು ತಿದ್ದಿ ಪುರುಷರಿಗೂ ಒಗ್ಗುವಂತೆ ಮಾಡಿದನು. ಆ ಕಾಲದಲ್ಲಿ ಇದು ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಬಯಲಿನಲ್ಲಿ ಹನ್ನೊಂದು ಜನ ಆಡುವ ಆಟವಾಗಿತ್ತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಸುರಿಯುವ ಮಳೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಜರ್ಮನಿಯು ಆಸ್ಟ್ರಿಯಾವನ್ನು 10–6 ಗೋಲುಗಳಿಂದ ಸೋಲಿಸಿದ್ದು ಇದೇ ಬಯಲು ಹ್ಯಾಂಡ್‌ಬಾಲ್‌ನಲ್ಲಿ. ಚಳಿಗಾಲ ದೀರ್ಘವಾಗಿರುವ ಉತ್ತರ ಯುರೋಪಿನಲ್ಲಿ ಸೂರಿನ ಕೆಳಗೆ ಏಳು ಜನ ಆಡುವ ವೇಗದ ರೂಪ ಕ್ರಮೇಣ ಮೇಲುಗೈ ಪಡೆಯಿತು. 1946ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅಂತರರಾಷ್ಟ್ರೀಯ ಹ್ಯಾಂಡ್‌ಬಾಲ್ ಒಕ್ಕೂಟ ಸ್ಥಾಪನೆಯಾಯಿತು. ಒಲಿಂಪಿಕ್ಸ್‌ಗೆ ಈ ಹೊಸ ರೂಪವು 1972ರ ಮ್ಯೂನಿಕ್ ಕೂಟದಲ್ಲಿ ಬಂದಿತು, 1976ರ ಮಾಂಟ್ರಿಯಲ್‌ನಲ್ಲಿ ಮಹಿಳೆಯರ ಸ್ಪರ್ಧೆಯೂ ಸೇರಿತು.

ಮ್ಯೂನಿಕ್ ಕೂಟ ನಡೆದ ವರ್ಷವೇ ಭಾರತದಲ್ಲಿಯೂ ಹ್ಯಾಂಡ್‌ಬಾಲ್ ಫೆಡರೇಷನ್ ಹುಟ್ಟಿಕೊಂಡಿತು. ಹರಿಯಾಣದ ಜಗತ್ ಸಿಂಗ್ ಚೌಹಾಣ್ ಅವರ ಪ್ರಯತ್ನದಿಂದ ಆರಂಭವಾದ ಈ ಚಟುವಟಿಕೆ ಹತ್ತು ವರ್ಷಗಳಲ್ಲಿ ಬೇರೂರಿತು, 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಹ್ಯಾಂಡ್‌ಬಾಲ್ ಮೊದಲ ಬಾರಿಗೆ ಏಷ್ಯಾಡ್‌ನ ಸ್ಪರ್ಧೆಯಾಯಿತು. ಯುರೋಪಿನಲ್ಲಿ ಮರದ ನೆಲದ ಒಳಾಂಗಣಕ್ಕೆ ಸೇರಿಹೋಗಿದ್ದ ಆಟವು ಭಾರತದ ಶಾಲೆಗಳಿಗೆ ಬಂದು ಮತ್ತೆ ಮಣ್ಣಿನ ಬಯಲಿಗೆ ಇಳಿಯಿತು.

ಆ ಮಣ್ಣಿನ ಗುಣವನ್ನು ಕುರಿತು ಇಲ್ಲಿ ಎರಡು ಮಾತು ಹೇಳಬೇಕು. ಕಡೂರಿನ ಕಡೆ ಮಳೆ ಕಡಿಮೆ, ನೆಲ ಬೇಗ ಒಣಗುತ್ತದೆ. ಈಚಿನವರೆಗೆ ತರೀಕೆರೆಯ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಎರೆ ಭೂಮಿಯು ನೆನೆದರೆ ಕಾಲಿಗೆ ಅಂಟಿಕೊಳ್ಳುತ್ತದೆ. ತರೀಕೆರೆಯ ಪಶ್ಚಿಮಕ್ಕೆ, ಲಕ್ಕವಳ್ಳಿಯ ಕಡೆಗೆ ಹೋದರೆ ಮಲೆನಾಡಿನ ಮಳೆ ಎದುರಾಗುತ್ತದೆ. ಚೆಂಡನ್ನು ಪುಟಿಸಿ ಓಡುವುದು ಗಟ್ಟಿ ನೆಲದಲ್ಲಿ ಸುಲಭ. ಒದ್ದೆ ನೆಲದಲ್ಲಿ ಚೆಂಡು ಏಳುವುದೇ ಇಲ್ಲವಾದ್ದರಿಂದ ಗಾಳಿಯಲ್ಲೇ ಪಾಸು ಮಾಡುತ್ತ ಸಾಗುವ ತಂಡಕ್ಕೆ ಗೆಲುವಿನ ಸಾಧ್ಯತೆ ಹೆಚ್ಚು. ಒಂದು ಬಗೆಯ ನೆಲದಲ್ಲಿ ಮಾತ್ರ ಅಭ್ಯಾಸ ಮಾಡಿದ ಮಕ್ಕಳು ಜಿಲ್ಲಾ ಮಟ್ಟದಲ್ಲಿ ಬೇರೆ ನೆಲಕ್ಕೆ ಇಳಿದಾಗ ತಡವರಿಸುವುದು ಸಹಜ. ಓಡುವುದು, ಹಿಡಿಯುವುದು, ಎಸೆಯುವುದು ಈ ಮೂರನ್ನೂ ಹೊಲದಂಚಿನಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವ ಮಕ್ಕಳಂತೆ ಆಟದಲ್ಲೇ ರೂಢಿಸಿಕೊಂಡ ಗ್ರಾಮೀಣ ವಿದ್ಯಾರ್ಥಿಗಳಿಗೆ ಈ ಕ್ರೀಡೆ ಬೇಗನೆ ಕೈಗೆ ಹತ್ತುತ್ತದೆ. ಶಾಲೆ ಮುಗಿದ ಮೇಲೂ ಕಾಲೇಜು ತಂಡಗಳ ಮೂಲಕ ಆಟವನ್ನು ಮುಂದುವರಿಸುವ ದಾರಿ ಇದೆ. ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳ ಕಾಲೇಜುಗಳು ಸೇರಿರುವ ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟವು ತರೀಕೆರೆಗೆ ದೂರವೂ ಅಲ್ಲ.

ಕೊರತೆ ಇರುವುದು ಸಲಕರಣೆಯ ತಿಳಿವಳಿಕೆಯಲ್ಲಿ. ಪುರುಷರ ಚೆಂಡಿನ ಸುತ್ತಳತೆ 58ರಿಂದ 60 ಸೆಂಟಿಮೀಟರ್, ತೂಕ 425ರಿಂದ 475 ಗ್ರಾಂ. ಮಹಿಳೆಯರು ಮತ್ತು 12ರಿಂದ 16ರ ಹುಡುಗರು ಬಳಸುವುದು 54ರಿಂದ 56 ಸೆಂಟಿಮೀಟರಿನ, 325ರಿಂದ 375 ಗ್ರಾಂ ತೂಕದ ಚೆಂಡು. ಅದಕ್ಕೂ ಚಿಕ್ಕ ಮಕ್ಕಳಿಗೆ 50ರಿಂದ 52 ಸೆಂಟಿಮೀಟರಿನದು. ಅಂಗೈಗೆ ದಕ್ಕದ ದೊಡ್ಡ ಚೆಂಡನ್ನು ಎಳೆಯರ ಕೈಗೆ ಕೊಟ್ಟರೆ ಅವರು ಒಂದೇ ಕೈಯ ಎಸೆತವನ್ನು ಎಂದಿಗೂ ಕಲಿಯದೆ ಎರಡು ಕೈಗಳಿಂದ ನೂಕುವುದನ್ನೇ ಆಟವೆಂದುಕೊಳ್ಳುತ್ತಾರೆ, ಭುಜಕ್ಕೂ ಪೆಟ್ಟಾಗುತ್ತದೆ. ಶಾಲಾಭಿವೃದ್ಧಿ ಸಮಿತಿಗಳೂ ಹಳೆಯ ವಿದ್ಯಾರ್ಥಿಗಳೂ ತಮ್ಮ ಊರಿನ ಶಾಲೆಗೆ ಏನನ್ನಾದರೂ ಕೊಡಬಯಸಿದರೆ, ಬಲೆ ಸಹಿತವಾಗಿ ನೆಲಕ್ಕೆ ಭದ್ರವಾಗಿ ಬಿಗಿದ ಒಂದು ಜೊತೆ ಗೋಲು ಕಂಬಗಳನ್ನೂ ಮಕ್ಕಳ ವಯಸ್ಸಿಗೆ ತಕ್ಕ ಅಳತೆಯ ಆರೇಳು ಚೆಂಡುಗಳನ್ನೂ ಕೊಡಿಸಲಿ. ಮುಂದಿನ ಕೂಟದಲ್ಲಿ ಒಂದರ್ಧ ಗಂಟೆ ಹ್ಯಾಂಡ್‌ಬಾಲ್ ಅಂಕಣದ ಬಳಿಯೂ ನಿಂತು ಆ ಮಕ್ಕಳ ಆಟವನ್ನು ನೋಡಲಿ.