ಜಾಲಪುಟವೂ ಅಣುದರ್ಶಕವೂ

ನಮ್ಮ ಹಳೆಯ ವಿದ್ಯಾರ್ಥಿನಿಯರು ಅಣುಗಳ ರಚನೆಯನ್ನು ಕಪ್ಪುಹಲಗೆಯ ಮೇಲಿನ ಚಿತ್ರಗಳಿಂದ ಕಲಿತರು. ಈಗಿನ ಹುಡುಗಿಯರಾದರೋ ಅದನ್ನು ಗಣಕಯಂತ್ರದ ತೆರೆಯ ಮೇಲೆ ಬೇಕಾದ ಕಡೆಗೆ ತಿರುಗಿಸಿ ನೋಡುತ್ತಾರೆ. ಇದು ಹೇಗೆ ನಡೆಯುತ್ತದೆಂಬದನ್ನೂ ಇದರಲ್ಲಿ ವಹಿಸತಕ್ಕ ಎಚ್ಚರವನ್ನೂ ಇಲ್ಲಿ ಸಂಕ್ಷೇಪವಾಗಿ ತಿಳಿಸುತ್ತೇವೆ.

ಇಂಥ ಜಾಲಪುಟದಲ್ಲಿ ಎರಡು ಅಂಗಗಳುಂಟು. ಗುಂಡಿಗಳನ್ನೂ ಬರಹವನ್ನೂ ನಡಿಸುವ ಜಾವಾಸ್ಕ್ರಿಪ್ಟ್ ಎಂಬ ಆಜ್ಞಾವಳಿಯು ಒಂದು. ಪುಟದೊಳಗೆ ಕೂರಿಸಲ್ಪಟ್ಟ ಜೆಎಸ್‌ಮೋಲ್ ಎಂಬ ಅಣುದರ್ಶಕವು ಇನ್ನೊಂದು. ಇವೆರಡರ ಭಾಷೆಗಳು ಬೇರೆಬೇರೆಯಾದುದರಿಂದ ಅವುಗಳ ವ್ಯವಹಾರವು ಮೂರು ವಿಧವಾಗಿ ಸಾಗುತ್ತದೆ. ಪುಟವು ‘ಸ್ಕ್ರಿಪ್ಟ್’ ಎಂಬ ದ್ವಾರದಿಂದ ದರ್ಶಕಕ್ಕೆ ಅದರ ಭಾಷೆಯಲ್ಲಿಯೇ ಆಜ್ಞೆಯನ್ನು ಕಳುಹಿಸುವುದು ಮೊದಲನೆಯದು. ‘ಇವ್ಯಾಲ್ಯುಯೇಟ್‌ವಾರ್’ ಎಂಬ ದ್ವಾರದಿಂದ ಪರಮಾಣುಗಳ ಸಂಖ್ಯೆಯೇ ಮುಂತಾದ ಬೆಲೆಗಳನ್ನು ಕೇಳಿ ಪಡೆಯುವುದು ಎರಡನೆಯದು. ಒಂದು ಕಾರ್ಯವು ನಡೆದೊಡನೆ ದರ್ಶಕವು ತಾನಾಗಿಯೇ ಪುಟಕ್ಕೆ ವರ್ತಮಾನ ಕೊಡುವುದು ಮೂರನೆಯದು. ಇದಕ್ಕೆ ‘ಕಾಲ್‌ಬ್ಯಾಕ್’ ಎಂದು ಹೆಸರು.

ನಾವು ಒಮ್ಮೆ ಇಂಥ ಪುಟವೊಂದನ್ನು ಸಿದ್ಧಪಡಿಸಿದೆವು. ಅದರಲ್ಲಿ ಮೊದಲು ಗ್ಲೂಕೋಸ್, ಆಮೇಲೆ ಸಕ್ಕರೆ, ಅಂದರೆ ಸುಕ್ರೋಸ್. ಗ್ಲೂಕೋಸಿನ ಅಣುವಿನಲ್ಲಿ ಪರಮಾಣುಗಳು ೨೪. ಸಕ್ಕರೆಯ ಗುಂಡಿಯನ್ನು ಒತ್ತಿದಾಗ ಚಿತ್ರವು ಸರಿಯಾಗಿ ಬಂತು. ಸಂಖ್ಯೆ ಮಾತ್ರ ೨೪ ಎಂದೇ ಉಳಿಯಿತು. ಹುಡುಗಿಯರಲ್ಲಿ ಬಹುಮಂದಿ ಅದನ್ನೇ ಬರೆದುಕೊಂಡರು. ಒಬ್ಬಳು ಮಾತ್ರ ಎದ್ದು, “ಗ್ಲೂಕೋಸಿನ ೨೪ಕ್ಕೆ ಫ್ರುಕ್ಟೋಸಿನ ೨೪ನ್ನು ಕೂಡಿಸಿ, ಅವು ಸೇರುವಾಗ ಹೊರಬೀಳುವ ನೀರಿನ ೩ನ್ನು ಕಳೆದರೆ ೪೫ ಆಗಬೇಕಲ್ಲವೇ?” ಎಂದು ಕೇಳಿದಳು. ಅವಳ ಮಾತೇ ಸರಿ.

ತಪ್ಪು ಎಲ್ಲಿತ್ತು? ಆಜ್ಞೆಯು ತಲಪಿತೆಂದರೆ ಕೆಲಸವು ಮುಗಿಯಿತೆಂದಲ್ಲ. ಸಕ್ಕರೆಯ ಅಣುವು ದರ್ಶಕದೊಳಗೆ ಇನ್ನೂ ಬರುತ್ತಿರುವಾಗಲೇ ನಮ್ಮ ಪುಟವು ಸಂಖ್ಯೆಯನ್ನು ಕೇಳಿತು. ದರ್ಶಕವು ತನ್ನಲ್ಲಿ ಆಗ ಇದ್ದ ಗ್ಲೂಕೋಸಿನ ಸಂಖ್ಯೆಯನ್ನೇ ಕೊಟ್ಟಿತು. ಅಂಗಡಿಗೆ ಕಳುಹಿಸಿದ ಮಗಳು ತಿರುಗಿ ಬರುವ ಮೊದಲೇ ಡಬ್ಬಿಯನ್ನು ಅಳೆದು ನೋಡಿದಂತಾಯಿತು. ಅಣುವು ಪೂರ್ಣವಾಗಿ ಬಂದಿತೆಂದು ತಿಳಿಸುವ ‘ಲೋಡ್‌ಸ್ಟ್ರಕ್ಟ್ ಕಾಲ್‌ಬ್ಯಾಕ್’ ಎಂಬ ವರ್ತಮಾನಕ್ಕೆ ಕಾದು, ಆಮೇಲೆ ಸಂಖ್ಯೆಯನ್ನು ಕೇಳುವಂತೆ ಪುಟವನ್ನು ತಿದ್ದಿದೆವು. ಕೂಡಲೇ ೪೫ ಎಂದು ತೋರಿತು.

ತೆರೆಯು ಬರಿದಾಗಿದ್ದರೆ ತಪ್ಪೆಂದು ಯಾರಿಗಾದರೂ ತಿಳಿಯುತ್ತಿತ್ತು. ಸರಿಯೆಂಬಂತೆ ತೋರುವ ತಪ್ಪು ಸಂಖ್ಯೆಯೇ ಹೆಚ್ಚು ಅಪಾಯಕರವಾದದ್ದು. ಆದುದರಿಂದ ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಯಂತ್ರವು ಹೇಳಿದ್ದನ್ನು ನಿಮ್ಮ ಮಕ್ಕಳು ಕಾಗದದ ಮೇಲೆ ಒಮ್ಮೆ ಲೆಕ್ಕಹಾಕಿ ನೋಡಲಿ. ಅಂದು ನಮ್ಮನ್ನು ತಿದ್ದಿದ್ದು ಅಂಥ ಒಂದು ಲೆಕ್ಕವೇ.