ಚಟ ಬೇಡುವ ಜೋಳಿಗೆ

ಕಂತಿಭಿಕ್ಷೆಗೆ ಬಂದ ಸ್ವಾಮಿಗಳಿಗೆ ರೊಟ್ಟಿಯನ್ನೋ ಜೋಳವನ್ನೋ ನೀಡುವುದು ಹಾವೇರಿ ಸೀಮೆಯ ಹಳೆಯ ರೂಢಿ. ಮಹಾಂತ ಜೋಳಿಗೆಗೆ ಬೀಳುವುದು ಬೇರೆ: ಗುಟ್ಕಾ ಚೀಟು, ಬೀಡಿ ಕಟ್ಟು, ತಂಬಾಕಿನ ಡಬ್ಬಿ, ಒಮ್ಮೊಮ್ಮೆ ಸೆರೆಯ ಪಾಕೀಟು.

ಈ ಭಿಕ್ಷೆಯನ್ನು 1975ರಲ್ಲಿ ಆರಂಭಿಸಿದವರು ಬಾಗಲಕೋಟೆ ಜಿಲ್ಲೆಯ ಚಿತ್ತರಗಿ–ಇಳಕಲ್ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ. ‘ನಿಮ್ಮ ಚಟ ನನಗೆ ಕೊಡಿ’ ಎಂದು ಊರೂರು ತಿರುಗಿದ ಅವರು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗಕ್ಕೂ ಈ ಪದ್ಧತಿ ಹೊಸದಲ್ಲ. ಜಾತ್ರೆ, ಪ್ರವಚನದ ದಿನಗಳಲ್ಲಿ ಸ್ವಾಮಿಗಳು ಓಣಿ ಓಣಿಗೆ ಪಾದಯಾತ್ರೆ ಹೊರಟು ಜೋಳಿಗೆ ಹಿಡಿಯುತ್ತಾರೆ.

ಜೋಳಿಗೆಯ ಬಲವಿರುವುದು ಹತ್ತು ಮಂದಿಯ ಎದುರು ಕೊಡುವ ಮಾತಿನಲ್ಲಿ. ಅಂಗಿ ಜೇಬಿನಿಂದ ಎರಡು ಚೀಟು ತೆಗೆದು ಹಾಕುವವನನ್ನು ಹೆಂಡತಿ, ಮಕ್ಕಳು, ಎದುರು ಮನೆಯವರು ನೋಡುತ್ತಿರುತ್ತಾರೆ. ಎರಡು ಚೀಟು ಏಕೆಂದರೆ, 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ ಬರತೊಡಗಿತು. ತಿನ್ನುವವರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಸೆರೆಯ ಕಥೆಯೂ ಅಷ್ಟೇ. 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು, ಕುಡಿತ ನಿಲ್ಲಲಿಲ್ಲ. ಕಾನೂನು ಸೋತಲ್ಲಿ ಊರವರ ಎದುರಿನ ಮಾತು ಕೆಲವರನ್ನಾದರೂ ಹಿಡಿದು ನಿಲ್ಲಿಸಿದೆ.

ಆದರೆ ಮಾತು ಕೊಟ್ಟ ಮಾತ್ರಕ್ಕೆ ದೇಹ ಕೇಳುವುದಿಲ್ಲ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈ ನಡುಗಿ, ಫಿಟ್ಸ್ ಬಂದು, ಜೀವಕ್ಕೇ ಕುತ್ತಾಗಬಹುದು. ಹೆರಾಯಿನ್‌ನಂಥ ಅಫೀಮು ಜಾತಿಯ ಮಾದಕ ವಸ್ತುವಿನಲ್ಲಿ ಅಪಾಯ ಬೇರೆ ರೀತಿಯದು: ಕೆಲವು ವಾರ ಬಿಟ್ಟಿದ್ದವರು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ದೇಹ ತಾಳದೆ ಉಸಿರು ನಿಲ್ಲಬಹುದು. ಆದ್ದರಿಂದ ಜೋಳಿಗೆಯ ಹಿಂದೆ ವೈದ್ಯರೂ ಇರಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಎಂಟು ದಿನ ನಡೆಯುವುದು ಇದಕ್ಕೇ. ಅಲ್ಲಿ ಭಜನೆ, ವ್ಯಾಯಾಮ, ಆಪ್ತಸಮಾಲೋಚನೆ ಇರುತ್ತದೆ; ಒಂದು ದಿನ ಮನೆಯವರೂ ಬರುತ್ತಾರೆ. ಬಿಟ್ಟವರು ಮತ್ತೆ ಜಾರದಂತೆ ‘ನವಜೀವನ ಸಮಿತಿ’ಗಳಿವೆ.

ಬದುಕಿರುವವರಿಗೆ ಇಷ್ಟು ದಾರಿಗಳಿವೆ. ಸತ್ತವರ ಹೆಸರು ಮಾತ್ರ ಎಲ್ಲಿಯೂ ಕೇಳುವುದಿಲ್ಲ. ಕುಡಿದು ಸತ್ತ ಮಗನ ಬಗ್ಗೆ ‘ಕಾಮಣಿಯಾಗಿತ್ತು’ ಎಂದು ಹೇಳಿ ಮನೆಯವರು ಮುಗಿಸುತ್ತಾರೆ. ದಿನಕರ್ಮ ಮುಗಿದ ಮೇಲೆ ಆ ತಾಯಿಯ ದುಃಖವನ್ನು ಕೇಳುವವರು ಕಡಿಮೆ, ‘ಬೆಳೆಸಿದ್ದೇ ಹಾಗೆ’ ಎನ್ನುವವರು ಹೆಚ್ಚು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2001ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಓವರ್‌ಡೋಸ್ ಜಾಗೃತಿ ದಿನ ಹುಟ್ಟಿದ್ದು ಈ ನಾಚಿಕೆಯನ್ನು ಕಳೆಯುವುದಕ್ಕೇ. ಪ್ರತಿ ಆಗಸ್ಟ್ 31ರಂದು ಹಲವು ದೇಶಗಳ ಚರ್ಚುಗಳಲ್ಲಿ ಮಾದಕ ವಸ್ತುಗಳಿಂದ ಸತ್ತವರ ಹೆಸರು ಓದಿ, ಮೇಣದಬತ್ತಿ ಹಚ್ಚಿ, ಪ್ರಾರ್ಥಿಸುತ್ತಾರೆ. ಸತ್ತವರನ್ನು ಅಲ್ಲಿ ಯಾರೂ ಪಾಪಿಗಳೆಂದು ಕರೆಯುವುದಿಲ್ಲ. ಮಗ, ಮಗಳು, ಗೆಳೆಯ ಎಂದೇ ನೆನೆಯುತ್ತಾರೆ.

ನಮ್ಮ ಮಠ, ಚರ್ಚು, ದರ್ಗಾಗಳಿಗೆ ಇದು ಕಷ್ಟದ ಕೆಲಸವೇನಲ್ಲ. ಆಗಸ್ಟ್ 1ರಂದು ಜಾಥಾ, ಭಾಷಣ, ಪ್ರತಿಜ್ಞಾವಿಧಿ ಹೇಗೂ ಇರುತ್ತವೆ. ಅದೇ ವೇದಿಕೆಯಲ್ಲಿ, ಮನಸ್ಸಿದ್ದ ಮನೆಯವರಿಗೆ ತಮ್ಮವರ ಹೆಸರು ಹೇಳಿ ಎರಡು ಮಾತಾಡಲು ಮೈಕು ಕೊಡಲಿ. ಒಂದು ಮನೆ ಬಾಯಿ ಬಿಟ್ಟರೆ, ಇನ್ನೊಂದು ಮನೆ ಮಗ ಬದುಕಿರುವಾಗಲೇ ಆಸ್ಪತ್ರೆಯ ದಾರಿ ಹಿಡಿದೀತು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಈ ಎರಡು ನಂಬರುಗಳನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಬೇಕಾದವರಿಗೂ ಕೊಡಿ.