ಬರಹಕ್ಕೆ ತಕ್ಕ ಪತ್ರಿಕೆ: ಹೊರನಾಡಿನ ಬರಹಗಾರರಿಗೆ ಕೆಲವು ಸೂಚನೆಗಳು

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕಥೆ, ಕವಿತೆ, ಪ್ರಬಂಧಗಳನ್ನು ಬರೆಯುವ ಹವ್ಯಾಸವುಳ್ಳವರು ಹಲವರಿದ್ದಾರೆ. ಆದರೆ ಬರೆದದ್ದು ನೋಟುಪುಸ್ತಕದಲ್ಲಿಯೇ ಉಳಿಯುವುದುಂಟು. ಇಲ್ಲವೆ ಹೆಸರು ಕೇಳಿದ ಯಾವುದೋ ಪತ್ರಿಕೆಗೆ ಹೋಗಿ, ಉತ್ತರ ಬಾರದೆ, ಬರೆಯುವ ಉತ್ಸಾಹವೇ ಕುಗ್ಗುವುದುಂಟು. ಬರಹ ಸ್ವೀಕೃತವಾಗದಿದ್ದರೆ ಅದು ಕಳಪೆಯೆಂದು ನಾವು ಭಾವಿಸುತ್ತೇವೆ. ಎಷ್ಟೋ ವೇಳೆ ಆ ಪತ್ರಿಕೆಗೂ ಆ ಬರಹಕ್ಕೂ ಹೊಂದಾಣಿಕೆಯಿಲ್ಲದಿರುವುದೇ ಕಾರಣವಾಗಿರುತ್ತದೆ. ಆದ್ದರಿಂದ ಬರಹವನ್ನು ಕಳುಹಿಸುವ ಮುನ್ನ ಪತ್ರಿಕೆಗಳ ಸ್ವರೂಪವನ್ನು ಅರಿಯುವುದು ಅವಶ್ಯ.

ಪತ್ರಿಕೆಗಳ ಬಗೆ

ಕನ್ನಡದಲ್ಲಿ ಸಾಹಿತ್ಯಕ್ಕೆ ಎಡೆ ನೀಡುವ ಪತ್ರಿಕೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. 1965ರಲ್ಲಿ ಆರಂಭವಾದ ‘ಸುಧಾ’, ಮಣಿಪಾಲದ ‘ತರಂಗ’ ಮೊದಲಾದ ವಾರಪತ್ರಿಕೆಗಳು ಹಾಗೂ ದಿನಪತ್ರಿಕೆಗಳ ಭಾನುವಾರದ ಪುರವಣಿಗಳು ಮೊದಲನೆಯ ಬಗೆ. ಮನೆಮಂದಿಯೆಲ್ಲ ಓದುವ ಇವುಗಳಲ್ಲಿ ಪುಟಗಳು ಮಿತವಾದ್ದರಿಂದ ಅಡಕವಾದ ಕಥೆ, ಲಘು ಪ್ರಬಂಧಗಳು ಸಲ್ಲುತ್ತವೆ. 1968ರಲ್ಲಿ ಆರಂಭವಾದ ‘ಮಯೂರ’, ಮಣಿಪಾಲದ ‘ತುಷಾರ’ಗಳಂಥ ಮಾಸಪತ್ರಿಕೆಗಳು ಎರಡನೆಯ ಬಗೆ. ತುಸು ದೀರ್ಘವಾದ ಕಥೆಗೆ ಇಲ್ಲಿ ಹೆಚ್ಚು ಅವಕಾಶವುಂಟು.

ಮೂರನೆಯದು ಕಿರುಪತ್ರಿಕೆಗಳ ಪರಂಪರೆ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, ಧಾರವಾಡದಲ್ಲಿ ಹುಟ್ಟಿದ ‘ಸಂಕ್ರಮಣ’, 2005ರಲ್ಲಿ ವಿವೇಕ ಶಾನಭಾಗರು ಆರಂಭಿಸಿದ ತ್ರೈಮಾಸಿಕ ‘ದೇಶಕಾಲ’ ಇವೆಲ್ಲ ಆ ಸಾಲಿನವು. ಇವುಗಳ ಪ್ರಸಾರ ಚಿಕ್ಕದಾದರೂ ಸಾಹಿತ್ಯದ ದಿಕ್ಕನ್ನು ರೂಪಿಸುವಲ್ಲಿ ಇವುಗಳ ಪಾತ್ರ ಹಿರಿದು. ಸಂಪಾದಕರ ಅಭಿರುಚಿಯೇ ಇವುಗಳ ಜೀವಾಳವಾದ್ದರಿಂದ ಅವರು ನಿಲ್ಲಿಸಿದರೆ ಪತ್ರಿಕೆಯೂ ನಿಲ್ಲುತ್ತದೆ. ಹಳೆಯ ಸಂಚಿಕೆಯೊಂದರ ವಿಳಾಸವನ್ನು ನೆಚ್ಚಿ ಬರಹ ಕಳುಹಿಸುವ ಮುನ್ನ ಪತ್ರಿಕೆ ಇಂದಿಗೂ ಹೊರಬರುತ್ತಿದೆಯೇ ಎಂದು ವಿಚಾರಿಸಬೇಕು. ಈಗ ‘ಕೆಂಡಸಂಪಿಗೆ’, ‘ಅವಧಿ’ಗಳಂಥ ಜಾಲಪತ್ರಿಕೆಗಳೂ ಹೊಸಬರಿಗೆ ತೆರೆದಿವೆ.

ಓದಿ ಆರಿಸಬೇಕು

ಯಾವುದೇ ಪತ್ರಿಕೆಯ ಇತ್ತೀಚಿನ ಮೂರು ನಾಲ್ಕು ಸಂಚಿಕೆಗಳನ್ನಾದರೂ ಓದದೆ ಬರಹ ಕಳುಹಿಸಬಾರದು. ಕಥೆಗಳ ಸರಾಸರಿ ಉದ್ದವೆಷ್ಟು, ಹೊಸ ಹೆಸರುಗಳು ಕಾಣಿಸುತ್ತವೆಯೇ, ಅನುವಾದಗಳಿಗೆ ಸ್ಥಳವಿದೆಯೇ, ಯಾವ ಬಗೆಯ ಭಾಷೆ ಅವರಿಗೆ ಒಪ್ಪಿಗೆ ಎಂಬುದನ್ನು ಗಮನಿಸಬೇಕು. ನಮ್ಮ ನಗರದಲ್ಲಿ ಕನ್ನಡ ನಿಯತಕಾಲಿಕಗಳು ಎಲ್ಲ ಅಂಗಡಿಗಳಲ್ಲಿ ದೊರೆಯುವುದಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಕನ್ನಡ ಸಂಸ್ಥೆಗಳಲ್ಲಿ ವಿಚಾರಿಸಬಹುದು. ನಾಲ್ಕಾರು ಮನೆಯವರು ಸೇರಿ ಒಂದೊಂದು ಪತ್ರಿಕೆಗೆ ಚಂದಾದಾರರಾಗಿ ಹಂಚಿಕೊಂಡು ಓದಬಹುದು.

ಹೈದರಾಬಾದಿನವರ ಅನುಕೂಲ

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ನಂಟಿನಿಂದ ಬಂದ ಕುಟುಂಬಗಳ ಕಥೆ, ತೆಲುಗು ಮತ್ತು ದಖನಿ ಉರ್ದುವಿನ ನಡುವೆ ಬೆಳೆದ ನಮ್ಮ ಮನೆಮಾತು, ಇವು ಬೆಂಗಳೂರಿನ ಲೇಖಕರಿಗೆ ಸುಲಭವಾಗಿ ದಕ್ಕುವ ವಸ್ತುಗಳಲ್ಲ. ಇವನ್ನು ಮರೆಮಾಡಿ ‘ಅಲ್ಲಿಯವರಂತೆ’ ಬರೆಯುವ ಅಗತ್ಯವಿಲ್ಲ. ಸಂದರ್ಭದಿಂದ ಅರ್ಥವಾಗುವ ದಖನಿ ಮಾತನ್ನು ಹಾಗೆಯೇ ಉಳಿಸಿದರೆ ಬರಹಕ್ಕೆ ಸತ್ವ ಬರುತ್ತದೆ.

ತೆಲುಗನ್ನು ಚೆನ್ನಾಗಿ ಬಲ್ಲವರು ಅನುವಾದಕ್ಕೂ ಕೈ ಹಾಕಬಹುದು. ಆದರೆ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಅನುವಾದದ ಹಕ್ಕು ಮೂಲ ಕೃತಿಯ ಹಕ್ಕುದಾರರದು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಈ ರಕ್ಷಣೆ ಮುಂದುವರಿಯುತ್ತದೆ. ಆದ್ದರಿಂದ ಲೇಖಕರಿಂದ ಅಥವಾ ಅವರ ವಾರಸುದಾರರಿಂದ ಲಿಖಿತ ಅನುಮತಿ ಪಡೆದು, ಅದರ ಪ್ರತಿಯನ್ನು ಬರಹದೊಂದಿಗೆ ಕಳುಹಿಸುವುದು ಕ್ಷೇಮ.

ಕಳುಹಿಸುವ ಕ್ರಮ

ಯುನಿಕೋಡ್‌ನಲ್ಲಿಯೋ ‘ನುಡಿ’ಯಲ್ಲಿಯೋ ಎಂಬುದನ್ನು ಪತ್ರಿಕೆಯ ಸೂಚನೆಯಿಂದ ತಿಳಿದು ಬೆರಳಚ್ಚು ಮಾಡಬೇಕು. ಅಕ್ಷರದೋಷಗಳನ್ನು ತಿದ್ದಿ, ಪ್ರತಿಯೊಂದನ್ನು ತಮ್ಮಲ್ಲಿ ಇರಿಸಿಕೊಳ್ಳಬೇಕು. ಸ್ವತಂತ್ರ ಕೃತಿಯೆಂದೂ ಬೇರೆಲ್ಲಿಯೂ ಪ್ರಕಟವಾಗಿಲ್ಲವೆಂದೂ ಎರಡು ಸಾಲಿನ ಪತ್ರ ಬರೆದರೆ ಸಾಕು. ಬರಹದ ಗುಣಗಾನ ಬೇಡ. ಒಂದೇ ಬರಹವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸಿದರೆ, ಎರಡರಲ್ಲಿಯೂ ಅಚ್ಚಾಗಿ ಸಂಪಾದಕರ ವಿಶ್ವಾಸ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನು ‘ಪ್ರಕಟಿತ’ವೆಂದೇ ಪರಿಗಣಿಸುವ ಸಂಪಾದಕರೂ ಇದ್ದಾರೆ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಸಿದ್ಧತೆ ಹಬ್ಬಕ್ಕೆ ಬಹು ಮೊದಲೇ ಆರಂಭವಾಗುವುದರಿಂದ ಸ್ಪರ್ಧೆಗಳ ಪ್ರಕಟಣೆಯತ್ತ ಮುಂಚಿತವಾಗಿಯೇ ಗಮನವಿರಲಿ.

ಕೆಲವು ತಿಂಗಳು ಕಾದರೂ ಉತ್ತರ ಬಾರದಿದ್ದರೆ ವಿನಯದಿಂದ ಒಮ್ಮೆ ವಿಚಾರಿಸಿ, ಅನಂತರ ಬರಹವನ್ನು ಹಿಂಪಡೆದಿರುವುದಾಗಿ ತಿಳಿಸಿ ಬೇರೆ ಪತ್ರಿಕೆಗೆ ಕಳುಹಿಸಬಹುದು. ಕಾಯುವ ಅವಧಿಯಲ್ಲಿ ಮುಂದಿನ ಬರಹ ಸಾಗುತ್ತಿರಲಿ.

ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಮಾತನಾಡಿದರೂ ಓದುವುದನ್ನು ಬಿಡುತ್ತಿರುವ ಕಾಲವಿದು. ಈ ನಗರದ ಕನ್ನಡ ಬದುಕು ಅಕ್ಷರದಲ್ಲಿ ಉಳಿಯಬೇಕಾದರೆ ಅದನ್ನು ಕಂಡವರೇ ಬರೆಯಬೇಕು. ಬರೆದದ್ದು ತಕ್ಕ ಪತ್ರಿಕೆಯ ಮೂಲಕ ಓದುಗರನ್ನು ತಲುಪಬೇಕು.